ಕುರುಚಲು ಗುಡ್ಡಕ್ಕೆ ಮಕ್ಕಳನ್ನ ಕರೆದುಕೊಂಡು ಹೋಗಿ ಏನು ಕಲಿಸೋದು?

ಸಂಡೂರು ಸೈನ್ಸ್ ಟೀಚರ್

ಎಲ್ಲರಿಗೂ ನಮಸ್ಕಾರ. ಸಂಡೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ತರಗತಿಯಲ್ಲಿ ಸಸ್ಯ, ಪ್ರಾಣಿಗಳ ಸಂರಕ್ಷಣೆ ಅಂತ ಪಾಠ ಇದೆ. ಅದರಲ್ಲಿ ಬರುವುದು ಮಧ್ಯಪ್ರದೇಶದ ಪಚ್‌ಮಡಿ ಕಾಡು. ಸಾಲ ಮರ, ಕಾಡುಮಾವು. ನಮ್ಮ ಮಕ್ಕಳು ಅದನ್ನ ಬಾಯಿಪಾಠ ಮಾಡಿ ಚೆನ್ನಾಗಿಯೇ ಬರೆಯುತ್ತಾರೆ. ಶಾಲೆಯ ಕಿಟಕಿಯಿಂದ ಕಾಣುವ ಗುಡ್ಡದಲ್ಲಿ ಏನೇನಿದೆ ಅಂತ ಕೇಳಿದರೆ ಮಾತ್ರ "ಏನೂ ಇಲ್ಲ ಮಿಸ್, ಬರೀ ಮುಳ್ಳು" ಅನ್ನುತ್ತಾರೆ. ಕಾಡು ಅಂದರೆ ಅವರ ತಲೆಯಲ್ಲಿ ಆಗುಂಬೆ, ದಾಂಡೇಲಿ.

ಈ ಸಲ ಪಾಠವನ್ನ ಹೊರಗೇ ಮಾಡೋಣ ಅಂತಿದ್ದೇನೆ. ಮುಖ್ಯ ಶಿಕ್ಷಕರು (ಎಚ್‌ಎಂ) ಬೇಡ ಅಂದಿಲ್ಲ. ಆದರೆ "ಪಿಕ್ನಿಕ್ ಆಗಬಾರದು, ಮಕ್ಕಳು ಏನು ಕಲಿತರು ಅಂತ ತೋರಿಸಬೇಕು" ಅಂದಿದ್ದಾರೆ. ಅವರ ಮಾತಲ್ಲೂ ಹುರುಳಿದೆ. ನಾನು ನೋಡಿದ ಪರಿಸರ ಪ್ರವಾಸಗಳೆಲ್ಲ ಬಸ್ಸು, ಭಾಷಣ, ಚಿತ್ರಾನ್ನ, ಗ್ರೂಪ್ ಫೋಟೊ ಇಷ್ಟರಲ್ಲೇ ಮುಗಿದಿವೆ. ಒಂದು ಸೆಕ್ಷನ್ನಿನ ಮಕ್ಕಳಿದ್ದಾರೆ, ಬಸ್ಸಿಗೆ ದುಡ್ಡಿಲ್ಲ, ಜೊತೆಗೆ ಬರುವುದು ಪಿಟಿ ಸರ್ ಒಬ್ಬರೇ. ಕುರುಚಲು ಕಾಡಿನಲ್ಲಿ ಏನು ತೋರಿಸಬಹುದು, ಹೇಗೆ ತೋರಿಸಬಹುದು? ಮಾಡಿ ನೋಡಿದವರು ಹೇಳಿ. ದರೋಜಿ ಕರಡಿ ಧಾಮಕ್ಕೇ ಹೋಗಬೇಕಾ, ಊರ ಗುಡ್ಡ ಸಾಕಾ?

ಗಂಗಾವತಿ ಹಕ್ಕಿಹುಚ್ಚ

ಮೇಡಂ, ಮೊದಲ ಸಲಕ್ಕೆ ದರೋಜಿ ಬೇಡ. ಧಾಮ ಒಳ್ಳೆಯದೇ. 1994ರಲ್ಲಿ ಕರಡಿಗೆ ಅಂತಲೇ ಮೀಸಲಿಟ್ಟ ಕಾಡು ಅದು. ಆದರೆ ಅಲ್ಲಿ ಮಕ್ಕಳು ಮಾಡುವುದೇನು? ವಾಚ್ ಟವರ್ ಮೇಲೆ ಕೂತು ಕಾಯುವುದು. ಮಧ್ಯಾಹ್ನ ಎದುರಿನ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ, ಆಮೇಲೆ ಕರಡಿ ಬರುತ್ತದೆ. ಮಕ್ಕಳು ಕೂಗುತ್ತಾರೆ, ಮೊಬೈಲ್ ತೆಗೆಯುತ್ತಾರೆ, ಮುಗೀತು. ಕರಡಿ ಅಂದರೆ ಬೆಲ್ಲ ತಿನ್ನುವ ಪ್ರಾಣಿ ಅಂದುಕೊಂಡು ಮನೆಗೆ ಬರುತ್ತಾರೆ. ಅದಕ್ಕೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಯಾಕಿಲ್ಲ, ಮೂಗಿನ ಹೊಳ್ಳೆಯನ್ನ ಯಾಕೆ ಮುಚ್ಚಿಕೊಳ್ಳುತ್ತದೆ ಅಂತ ಯಾರೂ ಕೇಳುವುದಿಲ್ಲ. ಎರಡೂ ಗೆದ್ದಲು ಹೀರುವುದಕ್ಕೆ. ಹುತ್ತ ಒಡೆದು ಮೊದಲು ಮಣ್ಣು ಊದುತ್ತದೆ, ಆಮೇಲೆ ಆ ಹಲ್ಲಿಲ್ಲದ ಸಂದಿಯಿಂದ ಹೀರುತ್ತದೆ. ಆ ಸದ್ದು ದೂರಕ್ಕೂ ಕೇಳುತ್ತದೆ.

ಅದಕ್ಕೇ ಊರ ಗುಡ್ಡದಲ್ಲಿ ಗೆದ್ದಲಿನಿಂದ ಶುರು ಮಾಡಿ. ಬೇವಿನದೋ ಜಾಲಿಯದೋ ಬೊಡ್ಡೆ ಮೇಲೆ ಮಣ್ಣಿನ ಗೆರೆ ಹತ್ತಿರುತ್ತದಲ್ಲ, ಅದರಲ್ಲಿ ಬೆರಳಗಲ ಕಡ್ಡಿಯಿಂದ ಕೆರೆದು ಬಿಡಿ. ಸುಮ್ನೆ ಕೂತು ನೋಡಲು ಹೇಳಿ. ಮೊದಲು ದೊಡ್ಡ ತಲೆಯ ಸಿಪಾಯಿಗಳು ಬಂದು ಬಾಯಿಗೆ ಅಡ್ಡ ನಿಲ್ಲುತ್ತವೆ. ಹಿಂದಿನಿಂದ ಕೆಲಸದ ಹುಳುಗಳು ಬಂದು ಒಂದೊಂದೇ ಹರಳು ಮಣ್ಣು ಅಂಟಿಸಿ ತೂತು ಮುಚ್ಚತೊಡಗುತ್ತವೆ. ಕ್ಲಾಸಿನಲ್ಲಿ ಹತ್ತು ನಿಮಿಷ ಕೂರದ ಹುಡುಗರು ಇದರ ಮುಂದೆ ಅಲುಗಾಡದೆ ಕೂರುತ್ತಾರೆ. ಯಾಕೆ ಮುಚ್ಚುತ್ತವೆ? ಬಿಸಿಲಿಗೆ ಮೈ ಒಣಗಿ ಸಾಯುತ್ತವೆ, ಇರುವೆ ನುಗ್ಗುತ್ತದೆ. ಇನ್ನೂ ಮುಂದಕ್ಕೆ ಹೋಗಿ. ಒಣಗಿ ಬಿದ್ದ ಕಟ್ಟಿಗೆಯನ್ನೆಲ್ಲ ತಿಂದು ಮಣ್ಣಿಗೆ ವಾಪಸ್ ಕೊಡುವವರು ಯಾರು? ಮಲೆನಾಡಿನ ಒದ್ದೆ ನೆಲದಲ್ಲಿ ಅಣಬೆ, ಎರೆಹುಳ ಮಾಡುವ ಕೆಲಸದ ಬಹುಪಾಲನ್ನ ನಮ್ಮ ಒಣ ನೆಲದಲ್ಲಿ ಗೆದ್ದಲೇ ಮಾಡುತ್ತದೆ. ಕರಡಿ ಬದುಕಿರುವುದೂ ಅದರಿಂದಲೇ. ಇದಾದ ಮೇಲೆ ದರೋಜಿಗೆ ಹೋದರೆ ಟವರ್ ಮೇಲಿಂದಲೂ ಮಕ್ಕಳು ಬೇರೆ ಪ್ರಶ್ನೆ ಕೇಳುತ್ತಾರೆ.

ಕುಷ್ಟಗಿ ಕುರಿಗಾರರ ಮಗ

ಅಕ್ಕಾರೆ, ನಾನು ಹೆಚ್ಚು ಓದಿದವನಲ್ಲ. ಒಂದು ಮಾತು ಹೇಳುತ್ತೇನೆ. ನಿಮ್ಮ ಜೊತೆ ಒಬ್ಬ ಕುರಿಗಾರರನ್ನ ಕರೆದುಕೊಂಡು ಹೋಗಿ. ಗುಡ್ಡದಲ್ಲಿ ಮೇಕೆ ಯಾವುದಕ್ಕೆ ಬಾಯಿ ಹಾಕುತ್ತದೆ, ಯಾವುದನ್ನ ಮೂಸಿ ಬಿಡುತ್ತದೆ ಅಂತ ಮಕ್ಕಳಿಗೆ ತೋರಿಸಿ. ಬಂದರಿಕೆ ತಿನ್ನುವುದಿಲ್ಲ. ತಂಗಡಿ ತಿನ್ನುವುದಿಲ್ಲ. ಎಲ್ಲಿ ದನ ಕುರಿ ಜಾಸ್ತಿ ಮೇಯುತ್ತವೋ ಅಲ್ಲಿ ಕಡೆಗೆ ಉಳಿಯುವುದು ಇವೇ. ಗುಡ್ಡ ಹಸಿರಾಗಿ ಕಾಣುತ್ತದೆ, ಕುರಿಗೆ ಮಾತ್ರ ಮೇವಿಲ್ಲ. ಮೇಯಿಸುವವರಿಗೆ ಇದು ಸಣ್ಣವರಿದ್ದಾಗಲೇ ಗೊತ್ತಾಗುತ್ತದೆ. ಶಾಲೆಗೆ ಹೋದವರಿಗೆ ಗೊತ್ತಿರುವುದಿಲ್ಲ.

ನಿಮ್ಮ ಕ್ಲಾಸಲ್ಲೂ ರಜೆ ದಿನ ಕುರಿ ಕಾಯುವ ಹುಡುಗರು ಇದ್ದೇ ಇರುತ್ತಾರೆ. ಹಿಂದಿನ ಬೆಂಚಲ್ಲಿ ಕೂತಿರುತ್ತಾರೆ ನೋಡಿ. ಅವತ್ತು ಒಂದು ದಿನ ಅವರನ್ನ ಮುಂದೆ ಬಿಡಿ.

ಸಂಡೂರು ಸೈನ್ಸ್ ಟೀಚರ್

ಅಣ್ಣಾ, ಇದು ಹೊಳೆದೇ ಇರಲಿಲ್ಲ. ಇಬ್ಬರು ಮೂವರು ಇದ್ದಾರೆ. ಪರೀಕ್ಷೆಯಲ್ಲಿ ಪಾಸಾಗುವುದೇ ಕಷ್ಟ, ಆದರೆ ಯಾವ ಗಿಡ ಕೇಳಿದರೂ ಹೆಸರು ಹೇಳುತ್ತಾರೆ. ಹಕ್ಕಿಹುಚ್ಚ ಸರ್, ಗೆದ್ದಲಿನದು ಖಂಡಿತ ಮಾಡುತ್ತೇನೆ. ಹಕ್ಕಿ ಬಗ್ಗೆ ನೀವು ಏನೂ ಬರೆಯಲೇ ಇಲ್ಲ!

ಗಂಗಾವತಿ ಹಕ್ಕಿಹುಚ್ಚ

ಬೇಕು ಅಂತಲೇ ಬಿಟ್ಟೆ ಮೇಡಂ. ಇಷ್ಟೊಂದು ಮಕ್ಕಳು ಚಪ್ಪಲಿ ಸದ್ದು ಮಾಡುತ್ತ ಹೊರಟರೆ ಹಕ್ಕಿ ಎಲ್ಲಿ ಸಿಗುತ್ತದೆ? ಸಿಗುವುದು ಪಿಕಳಾರ, ಕೆಂಬೂತ, ಕಾಗೆ. ಅಷ್ಟಕ್ಕೆ ಬೈನಾಕ್ಯುಲರ್ ಬೇಡ. ಹಳದಿ ಕೊರಳಿನ ಪಿಕಳಾರ ಅಂತ ಒಂದಿದೆ. ದಕ್ಷಿಣ ಭಾರತದ ಬಂಡೆಗಲ್ಲಿನ ಕುರುಚಲು ಗುಡ್ಡ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ದರೋಜಿ ಕಡೆ ಇದೆ. ದೂರ ದೂರದಿಂದ ಕ್ಯಾಮೆರಾ ಹೊತ್ತು ಅದನ್ನ ಹುಡುಕಿಕೊಂಡು ಬರುತ್ತಾರೆ. "ನಮ್ಮ ಗುಡ್ಡದಲ್ಲಿ ಏನೂ ಇಲ್ಲ" ಅನ್ನುವ ಮಗುವಿಗೆ ಇದೊಂದನ್ನ ಹೇಳಿ, ಕಾಣದಿದ್ದರೂ ಪರವಾಗಿಲ್ಲ.

ಕಾಣುವುದು ಬೇಕಾದರೆ ಕಲ್ಲುಹೂವು. ಬಂಡೆ ಮೇಲೆ ಬೂದಿ, ಹಳದಿ, ಕಪ್ಪು ಚುಕ್ಕೆ ಇರುತ್ತದಲ್ಲ, ಅದೇ. ಒಂದು ಬಾಟಲಿ ನೀರು ಚಿಮುಕಿಸಿ ನೋಡಿ. ಒಣಗಿ ಸತ್ತಂತಿದ್ದ ಎಷ್ಟೋ ಚುಕ್ಕೆಗಳು ನೋಡುತ್ತಿದ್ದಂತೆ ಹಸಿರಿಗೆ ತಿರುಗುತ್ತವೆ. ಒಳಗೆ ಪಾಚಿ ಇದೆ, ಹೊರಗೆ ಶಿಲೀಂಧ್ರ. ಪಾಚಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕೊಟ್ಟಿದೆ. ಸಹಜೀವನ ಅಂತ ಬೋರ್ಡಿನ ಮೇಲೆ ಬರೆಸುವ ಬದಲು ಒಂದು ಬಾಟಲಿ ನೀರು ಸಾಕು. ಆನೆಗುಂದಿ ಕಡೆ ಬಂಡೆಗೇನು ಬರವಾ?

ಬಳ್ಳಾರಿ ಪಾಲಕಿ

ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಬೇಜಾರಾಗಬೇಡಿ. ಓದಲು ಇದೆಲ್ಲ ಚೆಂದ. ನನ್ನ ಮಗಳು ಏಳನೇ ತರಗತಿ. ಮುಳ್ಳು, ಹಾವು, ಚೇಳು ಇರುವ ಗುಡ್ಡಕ್ಕೆ ಇಬ್ಬರು ಟೀಚರ್ ಜೊತೆ ಅಷ್ಟು ಮಕ್ಕಳನ್ನ ಕಳಿಸಿ ಅಂದರೆ ನಾನಂತೂ ಸಹಿ ಹಾಕುವುದಿಲ್ಲ. ಆನೆಗುಂದಿ ಗುಡ್ಡಗಳಲ್ಲಿ ಚಿರತೆ ಇದೆ ಅಂತ ಪೇಪರಲ್ಲಿ ಎಷ್ಟು ಸಲ ಬಂದಿಲ್ಲ? ಇನ್ನು ಹೆಣ್ಣುಮಕ್ಕಳಿಗೆ ಶೌಚಾಲಯ? ಇದನ್ನ ಯಾರೂ ಕೇಳುವುದೇ ಇಲ್ಲ. ಹುಡುಗಿಯರು ಬೆಳಗ್ಗೆಯಿಂದ ನೀರು ಕುಡಿಯದೆ ಬಿಸಿಲಲ್ಲಿ ತಿರುಗಿ ತಲೆನೋವು ತಂದುಕೊಳ್ಳುತ್ತಾರೆ. ಮೊದಲು ಇದಕ್ಕೆ ದಾರಿ ಹೇಳಿ, ಆಮೇಲೆ ಕಲ್ಲುಹೂವು.

ನಿವೃತ್ತ ಗಾರ್ಡ್, ಸಂಡೂರು

ತಂಗೀ, ನೀವು ಕೇಳಿದ್ದು ಸರಿಯಾಗಿದೆ. ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವನು, ಗೊತ್ತಿರುವುದನ್ನ ಹೇಳುತ್ತೇನೆ.

ಹೊತ್ತು ಮುಖ್ಯ. ನಸುಕಿನಲ್ಲಿ, ಸಂಜೆ ಆದ ಮೇಲೆ ಕರಡಿ, ಚಿರತೆ ಓಡಾಡುತ್ತವೆ. ಆ ಹೊತ್ತಿಗೆ ಮಕ್ಕಳನ್ನ ಗುಡ್ಡದ ಹತ್ತಿರವೂ ಬಿಡಬಾರದು. ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಎಂಟು ಗಂಟೆಗೆ ಹೊರಟು ಹತ್ತೂವರೆಗೆ ವಾಪಸ್. ಕರಡಿ ತಾನಾಗಿ ಹುಡುಕಿಕೊಂಡು ಬಂದು ಹೊಡೆಯುವುದಿಲ್ಲ. ಪೊದೆಯ ಮರೆಯಲ್ಲಿ ಹಠಾತ್ತಾಗಿ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿ ಇದ್ದರಂತೂ ಕೇಳಲೇಬೇಡಿ. ಹಾಗಾಗಿ ಗುಹೆ, ಬಂಡೆ ಸಂದಿ, ದಟ್ಟ ಪೊದೆ ಇರುವ ಕಡೆ ಹೋಗುವುದೇ ಬೇಡ. ಗುಡ್ಡದ ಬುಡ, ದನದ ದಾರಿ, ಹಳ್ಳದ ದಂಡೆ ಸಾಕು. ಸೀತಾಫಲ ಹಣ್ಣಾಗುವ ಕಾಲದಲ್ಲಿ ಇನ್ನೂ ಹುಷಾರಾಗಿರಬೇಕು, ಕರಡಿಗೂ ಅದೇ ಹಣ್ಣು ಬೇಕು.

ಸೀದಾ ಹೋಗುವುದೂ ಬೇಡ. ರಿಸರ್ವ್ ಫಾರೆಸ್ಟ್ ಆದರೆ ಆರ್‌ಎಫ್‌ಓಗೆ (ವಲಯ ಅರಣ್ಯಾಧಿಕಾರಿ) ಎಚ್‌ಎಂ ಸಹಿ ಇರುವ ಪತ್ರ ಕೊಡಿ, ಬಿಇಓಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಒಂದು ಪ್ರತಿ. ಧಾಮದ ಒಳಗೆ ಹೋಗುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ಲದೆ ಆಗುವುದಿಲ್ಲ. ಒಳಗಿನಿಂದ ಒಂದು ಗರಿ ಕೂಡ ಎತ್ತಿಕೊಂಡು ಬರಬಾರದು. ಪತ್ರ ಕೊಟ್ಟರೆ ಬೀಟ್ ಗಾರ್ಡ್ ಒಬ್ಬರನ್ನ ಕಳಿಸುತ್ತಾರೆ. ಅವರಿಗೆ ಹಿಂದಿನ ವಾರ ಕರಡಿ ಎಲ್ಲಿ ಓಡಾಡಿದೆ ಅಂತ ಗೊತ್ತಿರುತ್ತದೆ. ಇಲಾಖೆಯದೇ ಚಿಣ್ಣರ ವನದರ್ಶನ ಅಂತ ಕಾರ್ಯಕ್ರಮವೂ ಇದೆ, ಸರ್ಕಾರಿ ಶಾಲೆ ಮಕ್ಕಳಿಗೇ. ಅದಕ್ಕೂ ಕೇಳಿ ನೋಡಿ.

ದೇವದುರ್ಗ ನರ್ಸಕ್ಕ

ಹಾವಿನ ವಿಷಯ ನಾನು ಹೇಳುತ್ತೇನೆ. ನಮ್ಮ ಕಡೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕೂ ಇವೆ. ಕಲ್ಲು ಮಗುಚುವ ಆಟ ಬೇಡ. ಮಗುಚಲೇಬೇಕಾದರೆ ದೊಡ್ಡವರು ಉದ್ದ ಕೋಲಿನಿಂದ ಮಗುಚಲಿ. ಎಲ್ಲರಿಗೂ ಬೂಟು, ಇಲ್ಲದವರು ಅವತ್ತು ದಾರಿ ಬಿಟ್ಟು ಇಳಿಯಬಾರದು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲುಗಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಹೋಗುವ ಮೊದಲೇ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇದೆ ಅಂತ ಕೇಳಿಟ್ಟುಕೊಳ್ಳಿ. ಮೊಬೈಲ್ ಸಿಗ್ನಲ್ ಎಲ್ಲಿವರೆಗೆ ಸಿಗುತ್ತದೆ ಅಂತ ನೋಡಿ, ಅಲ್ಲಿಂದ ಮುಂದೆ ಹೋಗಬೇಡಿ.

ಶೌಚಾಲಯದ ಮಾತು ಎತ್ತಿದ್ದಕ್ಕೆ ಆ ಅಕ್ಕನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ. ಶಾಲೆಯಿಂದ ಅರ್ಧ ಗಂಟೆ ನಡಿಗೆಯೊಳಗಿನ ಜಾಗ ಆರಿಸಿದರೆ ಆ ಸಮಸ್ಯೆ ಮುಕ್ಕಾಲು ಮುಗಿಯುತ್ತದೆ. ಹೆಣ್ಣುಮಕ್ಕಳ ಜೊತೆ ಒಬ್ಬರು ಮೇಡಂ ಇರಲೇಬೇಕು.

ಮಸ್ಕಿ ಮೇಷ್ಟ್ರು

ನಿಮ್ಮ ಸಂಡೂರಲ್ಲಿ ಗುಡ್ಡ, ಕರಡಿ, ಗಾರ್ಡ್ ಎಲ್ಲ ಇದೆ. ರಾಯಚೂರು ಜಿಲ್ಲೆಯವರು ಏನು ಮಾಡಬೇಕು? ನಮ್ಮಲ್ಲಿ ಕಾಡು ಅಂದರೆ ಮ್ಯಾಪಲ್ಲಿ ಹುಡುಕಬೇಕು. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಇನ್ನೊಂದು ಕಡೆ ಎರೆ (ಕಪ್ಪು ಮಣ್ಣಿನ) ಹೊಲ.

ಆದರೂ ಬಿಟ್ಟಿಲ್ಲ. ನಮಗೆ ಮಸ್ಕಿ ಗುಡ್ಡ ಇದೆ. ಅಶೋಕನ ಹೆಸರು ಇರುವ ಶಾಸನ 1915ರಲ್ಲಿ ಸಿಕ್ಕ ಊರು ಅಂತ ಪ್ರವಾಸಕ್ಕೆ ಬರುವವರೆಲ್ಲ ಆ ಬಂಡೆ ನೋಡಿ ಹೋಗುತ್ತಾರೆ, ಪಕ್ಕದ ಕಾರೆಗಿಡ ಯಾರೂ ನೋಡುವುದಿಲ್ಲ. ಅಲ್ಲೇ ಮಾಡಿದ ಒಂದು ಪ್ರಯೋಗ ಹೇಳುತ್ತೇನೆ. ಖರ್ಚಿಲ್ಲ. ಎರಡೂ ಕಡೆ ಬಾಯಿ ಕತ್ತರಿಸಿದ ತಗಡಿನ ಡಬ್ಬಿ ಒಂದು, ಒಂದು ಲೀಟರ್ ನೀರು, ಗಡಿಯಾರ. ಡಬ್ಬಿಯನ್ನ ಬೇವಿನ ನೆರಳಲ್ಲಿ, ಎಲೆ ಉದುರಿದ ಕಡೆ ನೆಲಕ್ಕೆ ಒತ್ತಿ ನೀರು ಸುರಿದು ಇಂಗುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಬರೆದುಕೊಳ್ಳಿ. ಆಮೇಲೆ ದನ ನಡೆದು ಗಟ್ಟಿಯಾದ ದಾರಿಯಲ್ಲಿ ಅದನ್ನೇ ಮಾಡಿ. ದಾರಿಯಲ್ಲಿ ನೀರು ಡಬ್ಬಿಯಲ್ಲೇ ನಿಂತಿರುತ್ತದೆ, ಮಕ್ಕಳಿಗೆ ಬೇಜಾರಾಗಿ ಎದ್ದು ಹೋಗುತ್ತಾರೆ. ಮರದ ಕೆಳಗೆ ಹಾಗಾಗುವುದಿಲ್ಲ. ಬೇರು, ಗೆದ್ದಲಿನ ತೂತು, ಕೊಳೆತ ಎಲೆ ಇದ್ದ ಕಡೆ ನೀರು ಒಳಗೆ ಇಳಿಯುತ್ತದೆ. "ಮಳೆ ಬಂದಾಗ ಹಳ್ಳದಲ್ಲಿ ಕೆಂಪು ನೀರು ಯಾಕೆ ಬರುತ್ತದೆ?" ಅಂತ ಒಬ್ಬ ಹುಡುಗಿ ಅಲ್ಲೇ ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಇನ್ನೊಬ್ಬಳು ಹೇಳಿದಳು.

ಎರೆ ಹೊಲದಲ್ಲೂ ಮಾಡಿ ನೋಡಿ, ಮಸಾರಿಯಲ್ಲೂ (ಕೆಂಪು ಮಣ್ಣು) ಮಾಡಿ ನೋಡಿ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ನೀರು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ, ನೆಲ ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ನೀರು ಇಳಿಯುವುದೇ ಇಲ್ಲ.

ಸಿಂಧನೂರು ಸಂಶಯ

ಗುರುಗಳೇ, ಒಂದು ಕಹಿ ಮಾತು. ಇಂಥ ಕಾರ್ಯಕ್ರಮ ಜೂನ್ 5ಕ್ಕೆ, ಪರಿಸರ ದಿನಕ್ಕೆ, ಒಂದು ದಿನ ಆಗುತ್ತದೆ, ಸಸಿ ನೆಟ್ಟು ಫೋಟೊ ಹಾಕುತ್ತಾರೆ, ಮುಂದಿನ ಜೂನ್‌ಗೆ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಪರಿಸರ ಶಿಕ್ಷಣ ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅಲ್ಲಿಂದ ಪುಸ್ತಕ ಬಂತು, ಪ್ರಾಜೆಕ್ಟ್ ಬಂತು, ಪ್ರಾಜೆಕ್ಟನ್ನ ಜೆರಾಕ್ಸ್ ಅಂಗಡಿಯವರು ಮಾಡಿಕೊಡುವುದೂ ಬಂತು. ಒಂದು ಸಲ ಗುಡ್ಡ ಹತ್ತಿ ಇಳಿದರೆ ಏನು ಬದಲಾಗುತ್ತದೆ?

ಮಸ್ಕಿ ಮೇಷ್ಟ್ರು

ಒಂದು ಸಲಕ್ಕೆ ಏನೂ ಆಗುವುದಿಲ್ಲ, ಒಪ್ಪಿದೆ. ಅದಕ್ಕೇ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಹೊಸ ಹೊಸ ಜಾಗ ತೋರಿಸುವುದೇ ಪ್ರವಾಸದವರ ಚಟ. ನಮ್ಮ ಶಾಲೆಯಲ್ಲಿ ಮಗುವಿಗೊಂದು ಮರ ಕೊಟ್ಟಿದ್ದೇವೆ. ಹೊಸ ಎಲೆ ಬಂತಾ, ಹೂವಾ, ಕಾಯಾ, ಅಷ್ಟೇ ಬರೆಯುವುದು. ಸೀಸನ್‌ವಾಚ್ ಅಂತ ಇದನ್ನೇ ದೇಶದ ತುಂಬ ಮಕ್ಕಳಿಂದ ಮಾಡಿಸುತ್ತಾರೆ, ವಾರಕ್ಕೊಮ್ಮೆ ನೋಡಿ ಬರೆಯುವ ಲೆಕ್ಕ. ನಾವು ನೋಟ್‌ಬುಕ್ಕಿನಲ್ಲೇ ಮಾಡುತ್ತೇವೆ. ಫೆಬ್ರವರಿಯಲ್ಲಿ ಮುತ್ತುಗದ ಎಲೆ ಉದುರಿದಾಗ ಒಬ್ಬ "ಸರ್ ನನ್ನ ಮರ ಸತ್ತುಹೋಯಿತು" ಅಂತ ಸಪ್ಪೆ ಮುಖ ಮಾಡಿಕೊಂಡು ಬಂದ. ಸ್ವಲ್ಪ ದಿನಕ್ಕೆ ಬೋಳು ಕೊಂಬೆ ತುಂಬ ಕೇಸರಿ ಹೂವು. ಒಣ ಕಾಡಿನ ಮರ ಎಲೆ ಉದುರಿಸುವುದು ನೀರು ಉಳಿಸಿಕೊಳ್ಳಲು ಅಂತ ಅವನಿಗೆ ನಾನು ಪ್ರತ್ಯೇಕ ಹೇಳಬೇಕಾಗಲಿಲ್ಲ.

ಕಂಪ್ಲಿ ಹುಡುಗ

ನಮ್ಮೂರ ಹೊಳೆಯಲ್ಲಿ ನೀರುನಾಯಿ ಇದೆ ಅಂತ ಯಾರೂ ಹೇಳಲಿಲ್ಲ ಅಲ್ವಾ 😀 ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿ.ಮೀ. ನೀರುನಾಯಿ ಸಂರಕ್ಷಿತ ಪ್ರದೇಶ, 2015ರಿಂದ. ನಾನು ಅದನ್ನ ತಿಳಿದದ್ದು ಡಿಗ್ರಿ ಮುಗಿಸಿದ ಮೇಲೆ. ಹತ್ತನೇ ತರಗತಿವರೆಗೆ ಅದೇ ದಂಡೆ ಮೇಲೆ ಕ್ರಿಕೆಟ್ ಆಡಿದ್ದೇವೆ.

ಕೊಪ್ಪಳ ಸೌದೆ ಒಲೆ

ಬಳ್ಳಾರಿ ಜಾಲಿ ಬಗ್ಗೆ ಮಾತಾಡದೆ ಈ ಸೀಮೆಯ ಕುರುಚಲು ಕಾಡಿನ ಪಾಠ ಹೇಗೆ ಮುಗಿಯುತ್ತದೆ? ಹೆಸರಷ್ಟೇ ನಮ್ಮದು, ಗಿಡ ಅಮೆರಿಕ ಖಂಡದ್ದು. ಬ್ರಿಟಿಷರ ಕಾಲದಲ್ಲಿ ಬಂದು ಈಗ ಕೆರೆ ಅಂಗಳ, ಗೋಮಾಳ, ಹಳ್ಳ ಎಲ್ಲ ಅದರದ್ದೇ. ಮಕ್ಕಳಿಗೆ ದಾರದಿಂದ ಒಂದು ಸುತ್ತು ಹಾಕಿಸಿ, ಬಳ್ಳಾರಿ ಜಾಲಿ ಕೆಳಗೆ ಒಂದು, ಬೇವು ಅಥವಾ ಕರಿಜಾಲಿ ಕೆಳಗೆ ಒಂದು. ಸುತ್ತಿನೊಳಗೆ ಎಷ್ಟು ಬಗೆಯ ಗಿಡ ಹುಲ್ಲು ಇದೆ ಎಣಿಸಲಿ. ಹೆಸರು ಬೇಡ, ಬಗೆ ಎಣಿಸಿದರೆ ಸಾಕು. ವ್ಯತ್ಯಾಸ ಅವರೇ ಹೇಳುತ್ತಾರೆ.

ಆದರೆ "ಕೆಟ್ಟ ಗಿಡ, ಕಡಿಯಿರಿ" ಅಂತ ಮುಗಿಸಬೇಡಿ. ನಮ್ಮ ಮನೆಯಲ್ಲಿ ಗ್ಯಾಸ್ ಬರುವವರೆಗೆ ಒಲೆ ಉರಿದದ್ದು ಅದರಿಂದಲೇ. ಇದ್ದಿಲು ಸುಟ್ಟು ಬದುಕುವ ಮನೆಗಳು ಇವತ್ತಿಗೂ ಇವೆ.

ಕುಷ್ಟಗಿ ಕುರಿಗಾರರ ಮಗ

ಹೌದ್ರೀ. ಬರಗಾಲದಲ್ಲಿ ಅದರ ಕಾಯಿ ತಿಂದು ನಮ್ಮ ಕುರಿ ಉಳಿದಿವೆ. ಮತ್ತೆ ಆ ಬೀಜವನ್ನ ಊರೂರಿಗೆ ಹಿಕ್ಕೆಯಲ್ಲಿ ಹಂಚಿದ್ದೂ ನಮ್ಮ ಕುರಿಗಳೇ. ಎರಡನ್ನೂ ಮಕ್ಕಳಿಗೆ ಹೇಳಿ.

ಬಂಕಾಪುರದಲ್ಲಿ ತೋಳ ಧಾಮ ಮಾಡಿದ್ದಾರೆ, ಗಂಗಾವತಿ ತಾಲ್ಲೂಕು, 332 ಹೆಕ್ಟೇರ್. ರಾಜ್ಯದಲ್ಲೇ ಮೊದಲನೆಯದು. ತೋಳ ಕುರಿ ಹಿಡಿದರೆ ಸಿಟ್ಟು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ತೋಳ ಇರುವ ಕಡೆ ಇಲಿ, ಮೊಲ ಹೊಲಕ್ಕೆ ನುಗ್ಗುವುದು ಕಮ್ಮಿ ಅಂತ ನಮ್ಮಪ್ಪ ಹೇಳುತ್ತಾರೆ. ಯಲಬುರ್ಗಾ, ಕುಕನೂರು ಕಡೆ ಜಿಂಕೆ ಬೆಳೆ ತಿನ್ನುತ್ತವೆ ಅಂತ ರೈತರು ಬೈಯುತ್ತಾರಲ್ಲ, ಆ ಜಿಂಕೆಯನ್ನ ಹಿಡಿಯಬೇಕಾದ್ದು ಯಾರು? ಇದನ್ನ ಮಕ್ಕಳು ಯೋಚನೆ ಮಾಡಲಿ.

ಸಂಡೂರು ಸೈನ್ಸ್ ಟೀಚರ್

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಮ್ಮ ಊರಿನದೇ ಒಂದು ಸೇರಿಸುತ್ತೇನೆ. ಅದಿರು ಲಾರಿ ಓಡುವ ರಸ್ತೆ ಪಕ್ಕದ ಎಲೆಯನ್ನ ಬಿಳಿ ಬಟ್ಟೆಯಿಂದ ಒರೆಸುವುದು, ರಸ್ತೆಯಿಂದ ದೂರ ಗುಡ್ಡದ ಬುಡದಲ್ಲಿ ಅದೇ ಜಾತಿಯ ಎಲೆ ಒರೆಸುವುದು. ಎರಡು ಬಟ್ಟೆ ಪಕ್ಕಪಕ್ಕ ನೋಟ್‌ಬುಕ್ಕಿಗೆ ಅಂಟಿಸುವುದು. ಎಲೆ ಮೇಲೆ ಧೂಳು ಕೂತರೆ ಬೆಳಕು ಒಳಗೆ ಹೋಗುವುದು ಹೇಗೆ, ರಂಧ್ರಗಳು ಮುಚ್ಚಿದರೆ ಗಾಳಿ ಹೇಗೆ ಅಂತ ಅಲ್ಲಿಂದ ಮುಂದೆ ಪಾಠ. ಆದರೆ ನನ್ನ ಕ್ಲಾಸಿನ ಅರ್ಧ ಮಕ್ಕಳ ಅಪ್ಪಂದಿರು ಗಣಿಯಲ್ಲೋ ಲಾರಿಯಲ್ಲೋ ದುಡಿಯುವವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಎಷ್ಟು ಮನೆಗಳಲ್ಲಿ ಕೆಲಸ ಹೋಯಿತು ಅಂತ ನಾವು ನೋಡಿದ್ದೇವೆ. ಮಗು ಮನೆಗೆ ಹೋಗಿ "ಅಪ್ಪಾ ನೀನು ಕಾಡು ಹಾಳು ಮಾಡುತ್ತೀಯ" ಅನ್ನುವಂತೆ ಆಗಬಾರದು. ಬಟ್ಟೆ ತೋರಿಸುತ್ತೇನೆ, ತೀರ್ಪು ಕೊಡುವುದಿಲ್ಲ.

ಎಚ್‌ಎಂಗೆ ತೋರಿಸಲು ಒಂದು ದಾರಿ ಹೊಳೆದಿದೆ. ಹೋಗುವ ಮೊದಲು "ನಮ್ಮ ಗುಡ್ಡದಲ್ಲಿ ಏನೇನಿದೆ, ಯಾವುದು ಯಾವುದನ್ನ ತಿನ್ನುತ್ತದೆ" ಅಂತ ಒಂದು ಹಾಳೆಯಲ್ಲಿ ಬರೆಸುವುದು. ಬಂದ ಮೇಲೆ ಅದೇ ಪ್ರಶ್ನೆಗೆ ಇನ್ನೊಂದು ಹಾಳೆ. ಎರಡನ್ನೂ ಪಿನ್ ಮಾಡಿ ಟೇಬಲ್ ಮೇಲೆ ಇಡುತ್ತೇನೆ.

ಆಗಸ್ಟ್‌ನಲ್ಲಿ, ತಿಂಗಳಿಗೊಂದು ಬರುವ ಬ್ಯಾಗ್ ಇಲ್ಲದ ಶನಿವಾರ ಹೋಗುತ್ತೇವೆ. ಅರ್ಧ ಗಂಟೆ ನಡಿಗೆಯ ಜಾಗ. ಪಾಲಕಿ ಅಕ್ಕನ ಮಾತಿಗೆ ಹಿಂದಿ ಮೇಡಂ ಬರಲು ಒಪ್ಪಿದ್ದಾರೆ, ಇಬ್ಬರು ತಾಯಂದಿರೂ ಬರುತ್ತಾರೆ. ಗಾರ್ಡ್ ಅಣ್ಣಾ, ಒಂದು ಕೇಳಬೇಕಿತ್ತು. ಕರಡಿ ಹಿಕ್ಕೆಯಲ್ಲಿ ಬೀಜ ಇರುತ್ತದೆ ಅಂತಾರಲ್ಲ, ಅದನ್ನ ತಂದು ಶಾಲೆಯಲ್ಲಿ ಮೊಳಕೆ ಬರಿಸಬಹುದಾ?

ನಿವೃತ್ತ ಗಾರ್ಡ್, ಸಂಡೂರು

ಧಾಮದಿಂದಾಗಲಿ ರಿಸರ್ವ್ ಒಳಗಿಂದಾಗಲಿ ತರುವಂತಿಲ್ಲ ತಂಗೀ. ಆದರೆ ಗುಡ್ಡದ ಬುಡದ ಹೊಲಗಳ ಬದುವಿನಲ್ಲಿ ಎಷ್ಟೋ ಸಲ ಸಿಗುತ್ತದೆ. ಹೊಲದವರನ್ನ ಕೇಳಿ ತನ್ನಿ. ಬಾರಿಹಣ್ಣಿನ (ಎಲಚಿ) ಕಾಲದಲ್ಲಿ ಬರೀ ಬಾರಿ ಬೀಜವೇ ಇರುತ್ತದೆ. ಕಕ್ಕೆ ಬೀಜ ಬೇಕಾದರೆ ಬೇಸಿಗೆ ಕಡೆಗೆ ನೋಡಿ. ಆಗಸ್ಟ್‌ನಲ್ಲಿ ಏನು ಸಿಗುತ್ತದೋ ಅದು, ಗೆದ್ದಲಿನ ತಲೆ, ಇರುವೆ ಕಾಲು ಕೂಡ ಕಾಣುತ್ತದೆ. ಬರಿಗೈಯಲ್ಲಿ ಮುಟ್ಟಿಸಬೇಡಿ, ಕಡ್ಡಿಯಿಂದ ಬಿಡಿಸಿ, ಆಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ. ಬೀಜವನ್ನ ತೊಳೆದು ಒಂದು ಕುಂಡದಲ್ಲಿ ಹಾಕಿ, ಮರದಿಂದ ಬಿಡಿಸಿದ ಅದೇ ಜಾತಿಯ ಬೀಜವನ್ನ ಇನ್ನೊಂದರಲ್ಲಿ. ಯಾವುದು ಮೊದಲು ಹುಟ್ಟುತ್ತದೆ ನೋಡಿ.

ಅರ್ಜಿಯಲ್ಲಿ ಮಕ್ಕಳ ಸಂಖ್ಯೆ, ಜೊತೆಗೆ ಬರುವ ದೊಡ್ಡವರ ಹೆಸರು, ಹೊರಡುವ ಮತ್ತು ವಾಪಸ್ ಬರುವ ಹೊತ್ತು ಇಷ್ಟೂ ಬರೆಯಿರಿ. ಹದಿನೈದು ದಿನ ಮೊದಲೇ ಕೊಡಿ. ಕಡೇ ವಾರದಲ್ಲಿ ಕೊಟ್ಟರೆ ಫೈಲು ಟೇಬಲ್ ಮೇಲೇ ಇರುತ್ತದೆ.